ಬ್ರೇಕರ್ ಸುಮ್ನೆ ಟ್ರಿಪ್ ಆಗುವುದಿಲ್ಲ

"ಅರ್ತ್ ಫಾಲ್ಟ್ ಆಫ್ ಮಾಡಿಟ್ಟಿದ್ದೀವಿ ಸಾರ್. ಸುಮ್ನೆ ಸುಮ್ನೆ ಟ್ರಿಪ್ ಆಗ್ತಿತ್ತು."

ಕರೆಂಟ್ ನೆಲಕ್ಕೆ ಸೋರಿದರೆ ಬ್ರೇಕರನ್ನು ಟ್ರಿಪ್ ಮಾಡಿಸುವ ರಕ್ಷಣೆಯೇ ಅರ್ತ್ ಫಾಲ್ಟ್. ಕಾರ್ಖಾನೆಯೊಂದರ ಎಲೆಕ್ಟ್ರಿಷಿಯನ್ ಹೀಗೆಂದಾಗ, ಯಾವ ಹೊತ್ತಿನಲ್ಲಿ ಅಂತ ಕೇಳಿದೆ. "ಬೆಳಗಿನ ಶಿಫ್ಟಲ್ಲಿ, ಎಲ್ಲ ಮಷಿನ್ ಓಡೋವಾಗ. ರಾತ್ರಿ ಏನೂ ತೊಂದರೆ ಇರಲಿಲ್ಲ."

ಅಲ್ಲಿದ್ದದ್ದು 1000 ಕೆವಿಎ ಟ್ರಾನ್ಸ್‌ಫಾರ್ಮರ್. 433 ವೋಲ್ಟಿಗೆ ಅದರ ಫುಲ್ ಲೋಡ್ ಸುಮಾರು 1333 ಆಂಪಿಯರ್. ಇನ್‌ಕಮರ್, ಅಂದರೆ ಅಲ್ಲಿಂದ ಪ್ಯಾನಲಿಗೆ ಬರುವ ಮುಖ್ಯ ಬ್ರೇಕರ್, 1600 ಆಂಪಿಯರಿನ ಎಸಿಬಿ (ಏರ್ ಸರ್ಕ್ಯೂಟ್ ಬ್ರೇಕರ್), ಓವರ್‌ಲೋಡ್ ಡಯಲ್ 0.8ರಲ್ಲಿ, ಅಂದರೆ 1280 ಆಂಪಿಯರ್. ಪ್ರತಿ ವರ್ಷದ ಟೆಸ್ಟ್ ರಿಪೋರ್ಟಿನಲ್ಲೂ ಎಲ್ಲ ಸರಿ ಅಂತಲೇ ಬರೆದಿತ್ತು. ಆದರೆ ಅಷ್ಟೂ ವರ್ಷ ನಡೆದದ್ದು ಸೆಕೆಂಡರಿ ಇಂಜೆಕ್ಷನ್ ಮಾತ್ರ.

ಎಸಿಬಿಯೊಳಗೆ ಒಂದೊಂದು ಫೇಸಿಗೆ ಒಂದೊಂದು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಇರುತ್ತದೆ. ಅದು ಕರೆಂಟನ್ನು ಅಳೆದು ರಿಲೀಸಿಗೆ, ಅಂದರೆ ಟ್ರಿಪ್ ಆಗಬೇಕೋ ಬೇಡವೋ ಅಂತ ನಿರ್ಧರಿಸುವ ಭಾಗಕ್ಕೆ, ಕೊಡುತ್ತದೆ. ರಿಲೀಸ್ ಲೆಕ್ಕ ಹಾಕಿ ಟ್ರಿಪ್ ಕಾಯಿಲಿಗೆ ಹೇಳುತ್ತದೆ, ಕಾಯಿಲ್ ಬ್ರೇಕರನ್ನು ಆನ್ ಆಗಿ ಹಿಡಿದಿಟ್ಟ ಕೊಂಡಿಯನ್ನು, ಅಂದರೆ ಲಾಚನ್ನು, ಬಿಡಿಸುತ್ತದೆ. ಸೆಕೆಂಡರಿ ಇಂಜೆಕ್ಷನ್ನಿನಲ್ಲಿ ಸಣ್ಣ ಟೆಸ್ಟ್ ಕಿಟ್‌ನಿಂದ ನೇರ ರಿಲೀಸಿಗೇ ಸಿಗ್ನಲ್ ಕೊಡುತ್ತೇವೆ. ರಿಲೀಸ್, ಕಾಯಿಲ್ ಎರಡೂ ಪಾಸಾಗುತ್ತವೆ. ಸಿಟಿ, ಅದರ ವೈರು, ಪ್ಲಗ್ಗು ಪರೀಕ್ಷೆಗೇ ಕೂತಿರುವುದಿಲ್ಲ. ಪ್ರೈಮರಿ ಇಂಜೆಕ್ಷನ್ನಿನಲ್ಲಿ ಬ್ರೇಕರಿನ ಪೋಲ್ (ಒಂದು ಫೇಸಿನ ಕರೆಂಟ್ ಹರಿಯುವ ದಾರಿ) ಮೂಲಕವೇ ಕೆಲವೇ ವೋಲ್ಟಿನಲ್ಲಿ ಸಾವಿರಾರು ಆಂಪಿಯರ್ ಹರಿಸುತ್ತೇವೆ. ಅದರ ಟೆಸ್ಟ್ ಸೆಟ್ ಭಾರ, ಖರ್ಚೂ ಜಾಸ್ತಿ. ಅದಕ್ಕೇ ಜನ ತಪ್ಪಿಸುತ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬ್ರೇಕರ್ ಹೊರಗೆ ಬಂದ ಕೂಡಲೇ ಕ್ಲೀನ್ ಮಾಡಿ, ಗ್ರೀಸ್ ಹಚ್ಚಿ, ನಾಲ್ಕು ಸಲ ಆನ್-ಆಫ್ ಮಾಡಿ ಆಮೇಲೆ ಟೆಸ್ಟಿಗೆ ಇಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ವರ್ಷಗಟ್ಟಲೆ ಆನ್ ಆಗಿಯೇ ನಿಂತ ಬ್ರೇಕರಿನಲ್ಲಿ ಗ್ರೀಸ್ ಗಟ್ಟಿಯಾಗಿ ಲಾಚ್ ಬಿಗಿದಿರಬಹುದು. ನಾಲ್ಕು ಸಲ ಆಡಿಸಿದರೆ ಸಡಿಲವಾಗುತ್ತದೆ, ದೋಷ ಕಾಣದೆ ಹೋಗುತ್ತದೆ. ಶಟ್‌ಡೌನಿಗೆ ಒಮ್ಮೆ ಆಫ್ ಮಾಡಲೇಬೇಕು, ಬೇರೆ ದಾರಿಯಿಲ್ಲ. ಅದು ಬಿಟ್ಟರೆ ಇದ್ದದ್ದು ಇದ್ದಂತೆಯೇ ಮೊದಲ ಟೆಸ್ಟ್ ಆಗಬೇಕು.

ಈ ಬ್ರೇಕರಿಗೆ ಪ್ರೈಮರಿ ಇಂಜೆಕ್ಷನ್ನೇ ಮಾಡಿದೆವು. ಓವರ್‌ಲೋಡ್ ಟೆಸ್ಟಿಗೆ ಸೆಟ್ಟಿಂಗಿನ ಮೂರು ಪಟ್ಟು, ಅಂದರೆ 3840 ಆಂಪಿಯರ್ ಇಟ್ಟುಕೊಂಡೆವು. ಆ ರಿಲೀಸಿನಲ್ಲಿ ಡಿಲೇ ಡಯಲ್ ಆರು ಪಟ್ಟಿಗೆ 12 ಸೆಕೆಂಡ್ ಅಂತಿತ್ತು. ಕರೆಂಟ್ ಅರ್ಧವಾದರೆ ಸಮಯ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸುಮಾರು 48 ಸೆಕೆಂಡಿಗೆ ಟ್ರಿಪ್ ಆಗಬೇಕು.

ಮೂರು ಫೇಸಿಗೆ ಆರ್, ವೈ, ಬಿ ಅಂತ ಹೆಸರು. ಮೊದಲು ಆರ್ ಪೋಲ್. 48 ದಾಟಿತು. 60 ದಾಟಿತು. 70ಕ್ಕೆ ನಾನೇ ನಿಲ್ಲಿಸಿದೆ. ಸೆಟ್ ಮೇಲೇ ಅನುಮಾನ ಬಂದು ವೈ ಪೋಲಿಗೆ ಹಾಕಿದೆವು. 46 ಸೆಕೆಂಡಿಗೆ ಟ್ರಿಪ್. ರಿಲೀಸಿನ ಥರ್ಮಲ್ ಮೆಮೊರಿ ರೀಸೆಟ್ ಮಾಡಿ ಬಿ ಪೋಲಿಗೆ ಹಾಕಿದೆವು, 47. ಇಲ್ಲಿ ರೀಸೆಟ್ ಮರೆತರೆ ಹಿಂದಿನ ಬಿಸಿಯ ಲೆಕ್ಕ ಉಳಿದು ಬೇಗ ಟ್ರಿಪ್ ಆಗುತ್ತದೆ.

ಕವರ್ ತೆಗೆದು ಟಾರ್ಚ್ ಬಿಟ್ಟು ನೋಡಿದೆವು. ಆರ್ ಫೇಸ್ ಸಿಟಿಯ ಪ್ಲಗ್ಗಿನಲ್ಲಿ ಒಂದು ಪಿನ್ ಹಿಂದಕ್ಕೆ ಸರಿದಿತ್ತು. ಪ್ಲಗ್ ಕೂತಿದ್ದಂತೆಯೇ ಕಾಣುತ್ತಿತ್ತು, ಪಿನ್ ಮಾತ್ರ ತಾಗುತ್ತಿರಲಿಲ್ಲ.

ಬೆಳಗಿನ ಟ್ರಿಪ್ ಆಗ ಅರ್ಥವಾಯಿತು. ಅರ್ತ್ ಫಾಲ್ಟ್ ಅಂದರೆ ರಿಲೀಸ್ ಮೂರೂ ಫೇಸಿನ ಕರೆಂಟ್ ಕೂಡಿಸಿ ನೋಡುತ್ತದೆ. ಮೂರೂ ಒಂದೇ ಕ್ಷಣಕ್ಕೆ ಏರಿಳಿಯುವುದಿಲ್ಲ, ಹಾಗಾಗಿ ಸಮನಾದ ಲೋಡಿನಲ್ಲಿ ಮೊತ್ತ ಸೊನ್ನೆ. ಆರ್ ಕಾಣದೆ ಹೋದರೆ, 600 ಆಂಪಿಯರ್ ಲೋಡಿನಲ್ಲಿ ಉಳಿದೆರಡರ ಮೊತ್ತವೂ 600ರ ಹತ್ತಿರ ಬರುತ್ತದೆ. ಸೆಟ್ಟಿಂಗ್ ಇದ್ದದ್ದು 0.2, ಅಂದರೆ 320. ಹಗಲು ದಾಟುತ್ತಿತ್ತು, ರಾತ್ರಿ ದಾಟುತ್ತಿರಲಿಲ್ಲ. ಅದನ್ನು ಆಫ್ ಮಾಡಿದ ದಿನದಿಂದ ಆರ್ ಫೇಸ್ ಅರ್ತ್ ಆದರೆ ಈ ಬ್ರೇಕರಿಗೆ ಗೊತ್ತೇ ಆಗುತ್ತಿರಲಿಲ್ಲ. ನೆನೆದರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಒಂದೇ ಪೋಲಿಗೆ ಕರೆಂಟ್ ಹಾಕುವಾಗಲೂ ಇದೇ ಲೆಕ್ಕ. ಅರ್ತ್ ಫಾಲ್ಟ್ ಆನ್ ಇದ್ದರೆ ಓವರ್‌ಲೋಡಿಗೆ ಮುಂಚೆ ಅದೇ ಟ್ರಿಪ್ ಕೊಡುತ್ತದೆ. ಹೊಸಬರು ಆ ಸಮಯವನ್ನೇ ಓವರ್‌ಲೋಡ್ ಅಂತ ಬರೆದುಬಿಡುತ್ತಾರೆ. ಯಾವ ಕಾರಣಕ್ಕೆ ಟ್ರಿಪ್ ಆಯಿತು ಅಂತ ಇಂಡಿಕೇಶನ್ ನೋಡಿಯೇ ಬರೆಯಬೇಕು.

ಪಿನ್ ಬದಲಾಯಿಸಿ ಆರ್ ಪೋಲಿಗೆ ಮತ್ತೆ ಹಾಕಿದಾಗ 47 ಸೆಕೆಂಡ್. ಅರ್ತ್ ಫಾಲ್ಟ್ ಆನ್ ಮಾಡಿ ಮೂರೂ ಪೋಲಿಗೆ ಒಂದೊಂದಾಗಿ 400 ಆಂಪಿಯರ್ ಕೊಟ್ಟೆವು, ಮೂರರಲ್ಲೂ ಟ್ರಿಪ್ ಬಂತು. ಎಲೆಕ್ಟ್ರಿಷಿಯನ್ ಡಯಲ್ ಸೆಟ್ಟಿಂಗುಗಳನ್ನು ಒಂದು ಕಾರ್ಡಿನಲ್ಲಿ ಬರೆದು ಪ್ಯಾನಲ್ ಬಾಗಿಲ ಒಳಗಡೆ ಅಂಟಿಸಿದರು. ಮರುದಿನ ಬೆಳಗಿನ ಶಿಫ್ಟ್ ಮುಗಿದ ಮೇಲೆ ಅವರದೇ ಫೋನ್: "ಫುಲ್ ಲೋಡ್ ಓಡ್ತು ಸಾರ್, ಟ್ರಿಪ್ ಆಗ್ಲಿಲ್ಲ."