ಹಳೇ ಕಂಪ್ಯೂಟರಿನಲ್ಲಿ ಅಪ್ಪಯ್ಯನ ಮಳೆ ಲೆಕ್ಕ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪಯ್ಯ 30 ವರ್ಷದ ಮಳೆ ಲೆಕ್ಕ ಬರೆದಿಟ್ಟಿದ್ದಾರೆ. ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ ಡೈರಿಯಲ್ಲಿ ಒಂದು ಅಂಕಿ. ತಿಂಗಳ ಲೆಕ್ಕ ಅವರಿಗೆ ಬೇಡ. ಆರಿದ್ರಾ ಎಷ್ಟು ಬಂತು, ಪುನರ್ವಸು ಎಷ್ಟು, ಪುಷ್ಯ ಎಷ್ಟು ಎಂದು ಗೊತ್ತಾಗಬೇಕು. ಅದನ್ನು ಕೂಡಿಸಲು ನನ್ನ ಬಳಿ ಇದ್ದದ್ದು ಪೆಂಟಿಯಂ 3 ಚಿಪ್ ಇರುವ ಒಂದು ಕಂಪ್ಯೂಟರ್. ಮೆಮೊರಿ 256 ಎಂಬಿ.

ಗುಜರಿಗೆ ಹಾಕು ಅಂದವರೇ ಜಾಸ್ತಿ. ಆದರೆ ಎಷ್ಟು ಕೆಲಸ ಇದೆ ಅಂತ ಮೊದಲು ನೋಡಬೇಕಲ್ವಾ? 30 ವರ್ಷ, ವರ್ಷಕ್ಕೆ 366 ಮನೆ, ಒಟ್ಟು 10,980 ಅಂಕಿ. ಒಂದು ಅಂಕಿಗೆ 8 ಬೈಟ್ ಹಿಡಿದರೂ 88 ಕೆಬಿ ದಾಟುವುದಿಲ್ಲ. ಆ ಕಂಪ್ಯೂಟರಿನಲ್ಲಿ ಇದರ ಮೂರು ಸಾವಿರ ಪಟ್ಟು ಜಾಗ ಇದೆ.

ಇಂಥ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು ಆಕ್ಟೇವ್ ಎಂಬ ಗಣಿತದ ಸಾಫ್ಟ್‌ವೇರ್. ಇದು ಉಚಿತ, ಮೂಲ ಕೋಡ್ ಕೂಡ ಎಲ್ಲರಿಗೂ ಮುಕ್ತ. ಜಾನ್ ಈಟನ್ 1992ರಲ್ಲಿ ಇದನ್ನು ಪೂರ್ಣ ಪ್ರಮಾಣದಲ್ಲಿ ಬರೆಯಲು ಕೂತರು, 1994ರಲ್ಲಿ 1.0 ಆವೃತ್ತಿ ಬಂತು. ಹೆಸರು ಕೇಳಿ ಸಂಗೀತದ್ದು ಅಂದುಕೊಳ್ಳುವವರಿದ್ದಾರೆ. ಅದು ಈಟನ್ ಅವರ ಮೇಷ್ಟ್ರು, ರಾಸಾಯನಿಕ ಎಂಜಿನಿಯರಿಂಗ್ ಕಲಿಸುತ್ತಿದ್ದ ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರು. ಕೈಗೆ ಸಿಕ್ಕ ಚೀಟಿಯ ಹಿಂಬದಿಯಲ್ಲೇ ಅಂದಾಜು ಲೆಕ್ಕ ಹಾಕಿ ಮುಗಿಸುವುದಕ್ಕೆ ಅವರು ಹೆಸರಾಗಿದ್ದರು.

ಸಿದ್ಧ ಪ್ಯಾಕೇಜ್ ಹಾಕಿ ಓಡಿಸಿದೆ. 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' (ಈ ಆಜ್ಞೆ ಗೊತ್ತಿಲ್ಲ) ಅಂದು ನಿಂತುಬಿಟ್ಟಿತು. ಯಂತ್ರ ಕೆಟ್ಟಿರಲಿಲ್ಲ. 2000ದ ಕೊನೆಗೆ ಬಂದ ಪೆಂಟಿಯಂ 4ರ ಜೊತೆ ಎಸ್‌ಎಸ್‌ಇ2 ಎಂಬ ಹೊಸ ಆಜ್ಞೆಗಳು ಸೇರಿಕೊಂಡವು. ಇತ್ತೀಚಿನ ಎಷ್ಟೋ ಪ್ಯಾಕೇಜ್‌ಗಳು ಅವು ಇದ್ದೇ ಇವೆ ಎಂದು ನಂಬಿ ತಯಾರಾಗುತ್ತವೆ. ಪೆಂಟಿಯಂ 3ಕ್ಕೆ ಆ ಮಾತೇ ಗೊತ್ತಿಲ್ಲ. ದಾರಿ ಒಂದೇ: ಹಳೇ ಆವೃತ್ತಿಯ ಮೂಲ ಕೋಡ್ ತಂದು, ಈ ಚಿಪ್‌ಗೆ ಅರ್ಥವಾಗುವ ಆಜ್ಞೆಗಳಿಗೆ ಇಲ್ಲೇ ಕಂಪೈಲ್ ಮಾಡುವುದು. ಕೋಡ್ ಮುಚ್ಚಿಟ್ಟಿದ್ದರೆ ನನ್ನ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ರಾತ್ರಿ ಊಟ ಮುಗಿಸಿ, ಕಂಪೈಲ್ ಕೆಲಸ ನಡೆಸುವ 'ಮೇಕ್' ಆಜ್ಞೆ ಕೊಟ್ಟು ಮಲಗಿದೆ. ಆಷಾಢದ ಮಳೆ. ಕರೆಂಟು ಹೋಯಿತು.

ಮೇಕ್ ಎಂಬ ಈ ಸಲಕರಣೆಯ ಜಾಣತನ ನನಗೆ ತುಂಬಾ ಇಷ್ಟ. ಪ್ರತಿ ಮೂಲ ಫೈಲು ಕೊನೆಗೆ ಬದಲಾದ ಸಮಯ, ಅದರಿಂದ ತಯಾರಾದ ಫೈಲಿನ ಸಮಯ, ಎರಡನ್ನೂ ಅದು ಹೋಲಿಸುತ್ತದೆ. ತಯಾರಾದದ್ದು ಈಚಿನದಾಗಿದ್ದರೆ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಕರೆಂಟು ಬಂದ ಮೇಲೆ ಕೆಲಸ ನಿಂತಲ್ಲಿಂದ ಮುಂದುವರಿಯಬೇಕು. ಒಂದು ಅಪಾಯ ಮಾತ್ರ ಇದೆ. ಅರ್ಧ ಬರೆದ ಫೈಲು ಕೂಡ ಸಮಯದ ಲೆಕ್ಕದಲ್ಲಿ ಹೊಸದೇ. ಅದಕ್ಕೇ ಕೊನೆಯ ಫೈಲನ್ನು ಕೈಯಾರೆ ಅಳಿಸಿ ಮತ್ತೆ ಶುರು ಮಾಡಿದೆ.

ಮಧ್ಯಾಹ್ನ ಇನ್ನೊಮ್ಮೆ ಕರೆಂಟು ಹೋಗಿ ಬಂತು. ನೋಡಿದರೆ ಬೆಳಿಗ್ಗೆ ಮುಗಿದದ್ದನ್ನೇ ಮತ್ತೆ ಮಾಡುತ್ತಿದೆ! ಪರದೆಯ ಮೇಲೆ ಗಡಿಯಾರ ಸರಿಯಿಲ್ಲ ಎಂಬ ಎಚ್ಚರಿಕೆ ಬೇರೆ. ದಿನಾಂಕ ಕೇಳಿದೆ, 2001 ಅಂದಿತು. ಮದರ್‌ಬೋರ್ಡ್ ಮೇಲೆ, ಕರೆಂಟು ಇಲ್ಲದಾಗ ಗಡಿಯಾರ ನಡೆಸುವ ಬಟನ್ ಸೆಲ್ ಸತ್ತಿತ್ತು. ಕರೆಂಟು ಹೋದಾಗಲೆಲ್ಲ ಯಂತ್ರ 2001ಕ್ಕೆ ಮರಳುತ್ತಿತ್ತು. ಬೆಳಿಗ್ಗೆ ತಯಾರಾದ ಫೈಲುಗಳ ಮೇಲೂ 2001ರ ಮುದ್ರೆ. ಮೂಲ ಕೋಡ್ ಅದಕ್ಕಿಂತ ಈಚಿನದು, ಹಾಗಾಗಿ ಮೇಕ್ ಕಣ್ಣಿಗೆ ಅವೆಲ್ಲ ಹಳಸಿದವು. ಪೇಟೆಯಿಂದ ಸಿಆರ್ 2032 ಸೆಲ್ ತಂದು ಹಾಕಿ, ದಿನಾಂಕ ಸರಿ ಮಾಡಿ, ಎಲ್ಲ ಅಳಿಸಿ ಮೊದಲಿಂದ ಕೂರಿಸಿದೆ. ಮರುದಿನ ಮುಗಿಯಿತು.

ಆಮೇಲಿನ ಲೆಕ್ಕ ಚೆಂದ. ಡೈರಿಯನ್ನು 30 ಸಾಲು, 366 ಕಂಬಗಳ ಕೋಷ್ಟಕ ಮಾಡಿದೆ. ಜೊತೆಗೆ 366 ಸಾಲು, 27 ಕಂಬದ ಇನ್ನೊಂದು. ಕಂಬಕ್ಕೊಂದು ಮಳೆ ನಕ್ಷತ್ರ. ಆ ದಿನ ಆ ನಕ್ಷತ್ರಕ್ಕೆ ಸೇರಿದ್ದರೆ 1, ಇಲ್ಲದಿದ್ದರೆ 0. ಎರಡನ್ನೂ ಗುಣಿಸಿದರೆ ಸೊನ್ನೆಗಳು ಬೇಡದ ದಿನಗಳನ್ನು ಅಳಿಸುತ್ತವೆ, ಒಂದುಗಳು ಬೇಕಾದ್ದನ್ನು ಉಳಿಸಿ ಕೂಡಿಸುತ್ತವೆ. ಸಿಗುವುದು 30 ಸಾಲು, 27 ಕಂಬ: ಯಾವ ವರ್ಷ ಯಾವ ಮಳೆ ಎಷ್ಟು. ಇಷ್ಟಕ್ಕೆ ಬೇಕಾದದ್ದು ಸುಮಾರು 3 ಲಕ್ಷ ಗುಣಾಕಾರ. ಎಂಟರ್ ಒತ್ತಿದೆ. ಬೆರಳು ಎತ್ತುವುದರೊಳಗೆ ಉತ್ತರ ಬಂದಿತ್ತು.

ಅಪ್ಪಯ್ಯ ಕನ್ನಡಕ ಹಾಕಿಕೊಂಡು ಪಕ್ಕ ಕೂತರು. ಪುಷ್ಯದ ಕಂಬದಲ್ಲಿ ಕೆಳಗಿನ ವರ್ಷಗಳಲ್ಲೆಲ್ಲ ನೂರಾರು ಮಿಲಿಮೀಟರ್, ಮೇಲಿನ ಸಾಲಿನಲ್ಲಿ ಬರೀ 22. ಕಂಪೈಲ್ ಎಲ್ಲಿ ಎಡವಿತೋ ಎಂದು ನನಗೆ ದಿಗಿಲಾಯಿತು. ಅವರು ಹಳೇ ಡೈರಿ ತೆಗೆದು ಮೊದಲ ಪುಟಕ್ಕೆ ಬೆರಳಿಟ್ಟರು.

"ಅದು ಇಂಚು ಕಣೋ. ಆವಾಗ ನಮ್ಮ ಹತ್ರ ಇಂಚಿನ ಮಾಪಕ ಇತ್ತು."

ಆ ಸಾಲನ್ನು 25.4ರಿಂದ ಗುಣಿಸಿದೆ. 22 ಇದ್ದದ್ದು 558.8 ಆಯಿತು.