ಜೀನ್ ಹುಡುಕಿ ತೆಗೆದರೆ ಪೇಟೆಂಟ್ ಸಿಗುತ್ತಾ?

ಕಲಬುರಗಿಯಂಥ ಊರಿನ ಕಾಲೇಜು ಲ್ಯಾಬಿನಲ್ಲೂ ಹೂಕೋಸಿನಿಂದ ಡಿಎನ್‌ಎ ತೆಗೆಯಬಹುದು. ಉಪ್ಪು, ಸೋಪು, ತಣ್ಣನೆ ಸ್ಪಿರಿಟ್ ಸಾಕು. ಬಿಳಿ ಎಳೆಗಳು ಗಾಜಿನ ಕಡ್ಡಿಗೆ ಸುತ್ತಿಕೊಳ್ಳುತ್ತವೆ. ಆದರೆ ಅದು ಇಡೀ ಗಂಟು. ಅದರೊಳಗಿಂದ ಬೇಕಾದ ಒಂದೇ ಜೀನ್ ಹೆಕ್ಕಿ ತೆಗೆಯುವುದು ಬೇರೆಯೇ ಕೆಲಸ. ಮನುಷ್ಯರ ಜೀನ್ ಹಾಗೆ ಹೆಕ್ಕಿದರೆ ಅದು ಪೇಟೆಂಟ್ ಕೊಡುವಂಥ ಹೊಸ ಹೊಳಹೋ, ಪಳಗಿದವರು ಯಾರಾದರೂ ಮಾಡಬಹುದಾದದ್ದೋ? ಅಮೆರಿಕದಲ್ಲಿ ಪೇಟೆಂಟ್ ಮೇಲ್ಮನವಿ ಕೇಳುವ ಫೆಡರಲ್ ಸರ್ಕಿಟ್ ಕೋರ್ಟ್ ಇದಕ್ಕೆ ಎರಡು ಉತ್ತರ ಕೊಟ್ಟಿದೆ, ಒಂದಕ್ಕೊಂದು ಉಲ್ಟಾ.

ಪ್ರೋಟೀನ್ ಕಟ್ಟುವ ಇಟ್ಟಿಗೆಗಳೇ ಅಮೈನೋ ಆಮ್ಲ. ಅಂಥ ಒಂದೇ ಆಮ್ಲಕ್ಕೆ ಡಿಎನ್‌ಎಯಲ್ಲಿ ಹಲವು ಸಂಕೇತ ಇರಬಹುದು. ಹಾಗಾಗಿ ಪ್ರೋಟೀನ್ ಗೊತ್ತಿದ್ದರೂ ಅದರ ಜೀನ್ ಹೀಗೇ ಇದೆ ಅಂತ ಹೇಳಲಾಗದು. 1993ರ ಬೆಲ್ ಪ್ರಕರಣದಲ್ಲಿ ಸಾಧ್ಯವಿದ್ದ ಜೋಡಣೆಗಳ ಲೆಕ್ಕ 1ರ ಮುಂದೆ 36 ಸೊನ್ನೆ! ಇಷ್ಟರಲ್ಲಿ ಯಾವುದೆಂದು ಯಾರಿಗೆ ಹೊಳೆದೀತು, ಹಾಗಾಗಿ ಆ ನೆಪದಲ್ಲಿ ಪೇಟೆಂಟ್ ತಡೆಯಲಾಗದು ಅನ್ನುವುದು ಕೋರ್ಟಿನ ವಾದ. 1995ರ ಡ್ಯೂಯೆಲ್ ತೀರ್ಪು ಇದನ್ನೇ ಗಟ್ಟಿ ಮಾಡಿತು. ಹುಡುಕುವ ವಿಧಾನ ಗೊತ್ತಿದ್ದ ಮಾತ್ರಕ್ಕೆ ಸಿಕ್ಕ ಜೀನ್ ಮೊದಲೇ ಹೊಳೆದಿತ್ತು ಅನ್ನಲಾಗದು ಎಂದಿತು.

ನನಗನಿಸುವಂತೆ ಈ ಸೊನ್ನೆಗಳೇ ದಾರಿ ತಪ್ಪಿಸಿದವು. ಲ್ಯಾಬಿನಲ್ಲಿ ಯಾರೂ ಅಷ್ಟೂ ಜೋಡಣೆ ಪರೀಕ್ಷಿಸುತ್ತ ಕೂರುವುದಿಲ್ಲ. ಊರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಗೆಳೆಯನ ಅಂಗಡಿ ಹುಡುಕಲು ಕಲಬುರಗಿಯ ಎಲ್ಲ ಬಾಗಿಲು ಬಡೀತೀವಾ? ಗುರುತು ಹೇಳಿ ಕೇಳ್ತೀವಿ. ಜೀವಕೋಶದೊಳಗಿನ ಜೀನನ್ನೂ ಹಾಗೇ ಪ್ರೋಬ್, ಅಂದರೆ ಅದಕ್ಕೇ ಹೋಗಿ ಅಂಟುವ ಡಿಎನ್‌ಎ ತುಣುಕು ಬಿಟ್ಟು ಹಿಡಿಯುತ್ತಾರೆ.

ತಿರುವು ಬಂದದ್ದು ಕಾರಿನ ಪೆಡಲ್ ಪೇಟೆಂಟ್ ಜಗಳದಿಂದ. 2007ರ ಕೆಎಸ್‌ಆರ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ದಾರಿಗಳು ಕೆಲವೇ ಇದ್ದು ಫಲ ಊಹಿಸುವಂತಿದ್ದರೆ ಪಳಗಿದವರು ಅದನ್ನು ಪ್ರಯತ್ನಿಸಿಯೇ ನೋಡುತ್ತಾರೆ ಎಂದಿತು. 2009ರಲ್ಲಿ ಫೆಡರಲ್ ಸರ್ಕಿಟ್ ಮುಂದೆ ಕುಬಿನ್ ಪ್ರಕರಣ ಬಂತು. ನೇಲ್ ಎಂಬ ಪ್ರೋಟೀನಿನ ಜೀನ್ ಅದು. ಆ ಪ್ರೋಟೀನು ಪಿ38 ಅನ್ನುವ ಹೆಸರಲ್ಲಿ ಮೊದಲೇ ಗೊತ್ತಿತ್ತು. ಅದಕ್ಕೆ ಅಂಟಿಕೊಳ್ಳುವ ಸಿ1.7 ಆಂಟಿಬಾಡಿಯೂ ಇತ್ತು. ಜೀನ್ ತೆಗೆಯುವ ಕ್ರಮ ಲ್ಯಾಬ್ ಕೈಪಿಡಿಯಲ್ಲೇ ಇತ್ತು. ಇನ್ನೇನು ಉಳಿಯಿತು? ಅರ್ಜಿ ಬಿದ್ದುಹೋಯಿತು. ಡ್ಯೂಯೆಲ್ ವಾದವೂ ಬಿದ್ದಿತು.

2013ರ ಮಿರಿಯಡ್ ತೀರ್ಪನ್ನು ಇದರ ಜೊತೆ ಸುಮ್ನೆ ಬೆರೆಸುವವರೇ ಜಾಸ್ತಿ. ಅಲ್ಲಿ ಹೊಳೆಯುವ ಮಾತೇ ಇಲ್ಲ. ಸ್ತನ ಕ್ಯಾನ್ಸರಿಗೆ ನಂಟಿರುವ ಬಿಆರ್‌ಸಿಎ ಜೀನ್ ಪ್ರಕೃತಿಯದ್ದು, ಬೇರ್ಪಡಿಸಿದ ಮಾತ್ರಕ್ಕೆ ನಿಮ್ಮದಾಗದು ಎಂದಿತು ಅಮೆರಿಕದ ಸುಪ್ರೀಂ ಕೋರ್ಟ್. ಆರ್‌ಎನ್‌ಎಯಿಂದ ಲ್ಯಾಬಿನಲ್ಲಿ ಕಟ್ಟಿದ ಡಿಎನ್‌ಎ ನಕಲಿಗೆ, ಅಂದರೆ ಸಿಡಿಎನ್‌ಎಗೆ ಮಾತ್ರ ಬಾಗಿಲು ತೆರೆದಿಟ್ಟಿತು.

ಕಲಬುರಗಿಯಿಂದ ಯಾರಾದರೂ ಇಂಥ ಅರ್ಜಿ ಹಾಕಿದರೆ ಅದು ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತದೆ. ನಮ್ಮ ಪೇಟೆಂಟ್ ಕಾಯ್ದೆಯ ಕಲಂ 3(ಸಿ) ಪ್ರಕೃತಿಯಲ್ಲಿ ಇದ್ದದ್ದನ್ನು ಕಂಡುಹಿಡಿದರೆ ಅದನ್ನು ಆವಿಷ್ಕಾರ ಅನ್ನುವುದಿಲ್ಲ. ಅದನ್ನು ದಾಟಿದ ಮೇಲೂ, ಪಳಗಿದವರಿಗೆ ಹೊಳೆಯುವಂಥದ್ದಲ್ಲ ಅಂತ ತೋರಿಸಿಕೊಡಬೇಕು.