ಎರಡು ಬ್ಯಾಕ್‌ಸ್ಲ್ಯಾಶ್ ಎಂಟಾಗುವ ಕಥೆ

ನೆಟ್‌ವರ್ಕ್ ಪಾತ್ (ಬೇರೆ ಕಂಪ್ಯೂಟರ್‌ನಲ್ಲಿರುವ ಫೋಲ್ಡರ್‌ನ ವಿಳಾಸ) ಸರಿಯಿದೆಯಾ ಅಂತ ವೆಬ್ ಫಾರ್ಮ್‌ನಲ್ಲಿ ರೆಗೆಕ್ಸ್ (ಅಕ್ಷರಗಳ ವಿನ್ಯಾಸ ಹೇಳುವ ಸೂತ್ರ) ಹಾಕಿ ನೋಡುವುದು ಸುಲಭದ ಕೆಲಸ ಅನಿಸುತ್ತದೆ. ಬರೆಯಲು ಕೂತಾಗ ಗೊತ್ತಾಗುತ್ತದೆ. \\ಸರ್ವರ್\ಶೇರ್ ಅನ್ನುವುದರ ಮೊದಲ ಎರಡು ಬ್ಯಾಕ್‌ಸ್ಲ್ಯಾಶ್‌ಗೆ ರೆಗೆಕ್ಸ್‌ನಲ್ಲಿ ನಾಲ್ಕು ಬೇಕು. ಅದನ್ನೇ ಜಾವಾಸ್ಕ್ರಿಪ್ಟ್‌ನಲ್ಲಿ ಕೋಟ್ ಒಳಗೆ ಸ್ಟ್ರಿಂಗ್ ಆಗಿ ಬರೆದರೆ ಎಂಟು!

ಈ ತಲೆನೋವು ಇವತ್ತಿನದಲ್ಲ. ವಿಂಡೋಸ್‌ಗಿಂತ ಹಿಂದಿನ ಆಪರೇಟಿಂಗ್ ಸಿಸ್ಟಮ್ ಡಾಸ್. 1981ರ ಮೊದಲ ಡಾಸ್‌ನಲ್ಲಿ ಫೋಲ್ಡರ್‌ಗಳೇ ಇರಲಿಲ್ಲ. ಸ್ಲ್ಯಾಶ್ (/) ಚಿಹ್ನೆಯನ್ನು ಆಗಲೇ ಕಮಾಂಡ್‌ಗಳ ಸ್ವಿಚ್‌ಗೆ, ಅಂದರೆ ಹೆಚ್ಚುವರಿ ಆಯ್ಕೆಗಳಿಗೆ, ಬಳಸುತ್ತಿದ್ದರು. 1983ರಲ್ಲಿ ಡಾಸ್ 2.0 ಫೋಲ್ಡರ್‌ಗಳನ್ನು ತಂದಾಗ ಅವುಗಳ ನಡುವೆ ಬ್ಯಾಕ್‌ಸ್ಲ್ಯಾಶ್ ಬಂತು. ನೆಟ್‌ವರ್ಕ್ ಪಾತ್‌ಗಳೂ ಅದನ್ನೇ ಹಿಡಿದವು. ಅತ್ತ ರೆಗೆಕ್ಸ್ ಬೆಳೆದದ್ದು ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಯೂನಿಕ್ಸ್ ಮನೆಯಲ್ಲಿ. ಯೂನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1968ರಲ್ಲೇ ಅದರ ಹುಡುಕಾಟದ ವಿಧಾನವನ್ನು ಪ್ರಕಟಿಸಿದ್ದರು. ಅಲ್ಲಿ ಬ್ಯಾಕ್‌ಸ್ಲ್ಯಾಶ್ ಅಂದರೆ 'ಮುಂದಿನ ಅಕ್ಷರವನ್ನು ಬೇರೆ ಥರ ಓದು' ಅಂತ. ಹಾಗಾಗಿ ನಿಜವಾದ ಒಂದು ಬ್ಯಾಕ್‌ಸ್ಲ್ಯಾಶ್‌ಗೆ ಎರಡು ಬರೆಯಬೇಕು; ಜಾವಾಸ್ಕ್ರಿಪ್ಟ್ ಸ್ಟ್ರಿಂಗ್‌ನಲ್ಲೂ ಇದೇ ಕಥೆ. ಎರಡೂ ಕಡೆಯವರು ಒಂದೇ ಕೀಯನ್ನು ಹಿಡಿದಿದ್ದರು. 1999ರ ಎಕ್ಮಾಸ್ಕ್ರಿಪ್ಟ್ 3 ರೆಗೆಕ್ಸನ್ನು ಜಾವಾಸ್ಕ್ರಿಪ್ಟ್‌ನ ಮಾನದಂಡಕ್ಕೆ ಸೇರಿಸಿತು. ಜಗಳ ವೆಬ್ ಪುಟದೊಳಕ್ಕೂ ಬಂತು.

ಪಾತ್ ಟೈಪ್ ಮಾಡಿಸುವುದಾದರೂ ಯಾಕೆ? ಫೈಲ್ ಆರಿಸುವ ಬಟನ್ ಇದೆಯಲ್ಲ? ಈಗಿನ ಬ್ರೌಸರ್‌ಗಳು ಪೂರ್ತಿ ಪಾತ್ ಬಿಟ್ಟುಕೊಡುವುದಿಲ್ಲ. ಫೈಲ್ ಹೆಸರಿನ ಹಿಂದೆ 'ಸಿ:\ಫೇಕ್‌ಪಾತ್\' ಅಂತ ಸುಳ್ಳು ವಿಳಾಸ ಅಂಟಿಸುತ್ತವೆ. ಹಾಗಾಗಿ ಬಳಕೆದಾರರು ಕೈಯಾರೆ ಟೈಪ್ ಮಾಡಬೇಕು, ಇಲ್ಲವೇ ಪೇಸ್ಟ್ ಮಾಡಬೇಕು.

ಸರಳವಾದ ಒಂದು ಪ್ಯಾಟರ್ನ್ ನೋಡೋಣ:

^\\\\[^\\]+\\[^\\]+

ಶುರುವಿಗೆ ಎರಡು ಬ್ಯಾಕ್‌ಸ್ಲ್ಯಾಶ್, ಸರ್ವರ್ ಹೆಸರು, ಇನ್ನೊಂದು ಬ್ಯಾಕ್‌ಸ್ಲ್ಯಾಶ್, ಶೇರ್ ಹೆಸರು. ಈಗ \\ಸರ್ವರ್\ಲೆಕ್ಕ\ಬಿಲ್\..\ಸಂಬಳ ಅಂತ ಕೊಟ್ಟು ನೋಡಿ. ಆರಾಮಾಗಿ ಪಾಸಾಗುತ್ತದೆ. ಆದರೆ ಎರಡು ಚುಕ್ಕಿ 'ಒಂದು ಮೆಟ್ಟಿಲು ಮೇಲೆ' ಅನ್ನುತ್ತವೆ. ಬಿಲ್ ಫೋಲ್ಡರ್ ನೋಡಲಿ ಅಂತ ಬಿಟ್ಟವರು ಸಂಬಳದ ಫೋಲ್ಡರ್‌ಗೆ ಹೋಗಿರುತ್ತಾರೆ. ರೆಗೆಕ್ಸ್ ನೋಡುವುದು ಅಕ್ಷರಗಳ ಆಕಾರವನ್ನು ಮಾತ್ರ, ಅಲ್ವಾ?

ಚುಕ್ಕಿಗಳನ್ನು ತಡೆದರೂ ಸಾಲದು ಅಂತ ತೋರಿಸಿದ್ದು ಮೈಕ್ರೋಸಾಫ್ಟ್‌ನ ಐಐಎಸ್ ವೆಬ್ ಸರ್ವರ್. ಸ್ಲ್ಯಾಶನ್ನು ಬೇರೆ ಬೈಟ್‌ಗಳಲ್ಲಿ ಬರೆದು ಕಳಿಸಿದರೆ ಅದರ ತಪಾಸಣೆ ಮೋಸ ಹೋಗುತ್ತಿತ್ತು. ಮೈಕ್ರೋಸಾಫ್ಟ್ 2000ದಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಆದರೂ 2001ರ ಸೆಪ್ಟೆಂಬರ್‌ನಲ್ಲಿ ನಿಮ್ಡಾ ವರ್ಮ್ (ತಾನಾಗಿಯೇ ಹರಡುವ ಕುತಂತ್ರಾಂಶ) ಹರಡಲು ಇದೇ ತೂತನ್ನೂ ಬಳಸಿಕೊಂಡಿತು.

ಹಾಗಂತ ಎಲ್ಲವನ್ನೂ ಹಿಡಿಯುವ ಉದ್ದನೆಯ ರೆಗೆಕ್ಸ್ ಬರೆಯಲು ಹೊರಟರೆ ಇನ್ನೊಂದು ಫಜೀತಿ. 2019ರ ಜುಲೈ 2ರಂದು ವೆಬ್‌ಸೈಟ್‌ಗಳಿಗೆ ಕಾವಲಾಗಿರುವ ಕ್ಲೌಡ್‌ಫ್ಲೇರ್ ಸೇವೆ ಸುಮಾರು ಅರ್ಧ ಗಂಟೆ ಕೈಕೊಟ್ಟಿದ್ದು ಒಂದೇ ಒಂದು ರೆಗೆಕ್ಸ್ ಸಿಪಿಯು ಪೂರ್ತಿ ತಿಂದು ಹಾಕಿದ್ದರಿಂದ.

ನನ್ನ ಪ್ರಕಾರ ಬ್ರೌಸರ್‌ನಲ್ಲಿ ಮೇಲಿನಂಥ ಚಿಕ್ಕ ಪ್ಯಾಟರ್ನ್ ಇದ್ದರೆ ಸಾಕು. ಅದು ಸುಮ್ನೆ ಟೈಪಿಂಗ್ ತಪ್ಪು ಹಿಡಿಯಲು. ಅಸಲಿ ತಪಾಸಣೆ ಸರ್ವರ್ ಕಡೆ ನಡೆಯಬೇಕು. ಮೊದಲು ಪಾತನ್ನು ಬಿಡಿಸಿ, ಚುಕ್ಕಿಗಳು ಹೇಳಿದಂತೆ ಅದು ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತ ಕಂಡುಕೊಳ್ಳಿ, ಆಮೇಲೆ ಆ ಜಾಗ ಒಪ್ಪಿಗೆಯ ಫೋಲ್ಡರ್ ಒಳಗೇ ಇದೆಯಾ ನೋಡಿ. ಸರ್ವರ್ ಹೆಸರಿಗೂ ಒಪ್ಪಿಗೆಯ ಪಟ್ಟಿ ಇಡಿ. ಯಾರೋ ಕೊಟ್ಟ ಪಾತ್ ತೆರೆಯಲು ಹೋದರೆ, ವಿಂಡೋಸ್ ಆ ಅಪರಿಚಿತ ಯಂತ್ರಕ್ಕೆ ತಾನಾಗಿಯೇ ಲಾಗಿನ್ ಆಗಲು ನೋಡುತ್ತದೆ. ಪಾಸ್‌ವರ್ಡ್‌ನ ಹ್ಯಾಶ್ (ಅದರಿಂದ ಲೆಕ್ಕ ಹಾಕಿದ ಗುರುತು) ಆಧರಿಸಿದ ಉತ್ತರ ಆಚೆ ಹೋಗುವುದು ಆಗಲೇ.